ಹೊಳೆಯುವ ಯೆಜ್ಡಿಯೋ, ಕೊಟ್ಟಿಗೆಯ ಯೆಜ್ಡಿಯೋ?

ಪ್ರಶ್ನೆ: ನಾನು ಅಂಕೋಲೆಯವ, ಕೆಲಸ ಕಾರವಾರದಲ್ಲಿ. ಚಿಕ್ಕಂದಿನಿಂದ ಯೆಜ್ಡಿ ಬೈಕಿನ ಹುಚ್ಚು. ಈಗ ಎರಡು ಕಣ್ಣಿಗೆ ಬಿದ್ದಿವೆ. ಒಂದು ಕಾರವಾರದ ಕೋಡಿಬಾಗದಲ್ಲಿ. ರೋಡ್‌ಕಿಂಗ್ ಮಾಡೆಲ್, ಗೋವಾ ನಂಬರ್. ಹೊಸ ಪೇಂಟ್, ಫಳಫಳ ಕ್ರೋಮ್. ನಾನು ಹೋದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. 95 ಸಾವಿರ ಹೇಳುತ್ತಾರೆ. ಇನ್ನೊಂದು ಶಿರಸಿ ಹತ್ತಿರದ ಹಳ್ಳಿಯಲ್ಲಿ, ಅಡಿಕೆ ತೋಟದವರ ಮನೆ ಕೊಟ್ಟಿಗೆಯಲ್ಲಿದೆ. 1991ರ ಗಾಡಿ, ಕೆಎ-30 ನಂಬರ್. ಓಡಿಸುತ್ತಿದ್ದ ತಂದೆ ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ಯಾರೂ ಮುಟ್ಟಿಲ್ಲವಂತೆ. ಮಗ 45 ಸಾವಿರ ಕೇಳುತ್ತಿದ್ದಾನೆ. ಯಾವುದನ್ನು ತಗೊಳ್ಳಲಿ? ಏನೇನು ನೋಡಬೇಕು?

ಉತ್ತರ: ಶಿರಸಿಯದ್ದು. ಆದರೆ 45 ಸಾವಿರಕ್ಕಲ್ಲ. ಕಾಗದ ಸರಿಯಾಗುವ ತನಕ ಒಂದು ರೂಪಾಯಿ ಅಡ್ವಾನ್ಸ್ ಕೂಡ ಬೇಡ.

ನೀವೇ ಬರೆದ ಒಂದು ಮಾತಿನಿಂದ ಶುರು ಮಾಡುತ್ತೇನೆ. 'ನಾನು ಹೋದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.' ಸರಿ, ಸ್ಟಾರ್ಟ್ ಮಾಡುವ ಮುಂಚೆ ನೀವು ಸಿಲಿಂಡರ್ ಮುಟ್ಟಿ ನೋಡಿದ್ದಿರಾ? ಬಿಸಿ ಇತ್ತಾ, ತಣ್ಣಗಿತ್ತಾ? ಗಿರಾಕಿ ಬರುತ್ತಾರೆ ಅಂತ ಗೊತ್ತಿದ್ದರೆ ಅರ್ಧ ಗಂಟೆ ಮುಂಚೆ ಒಂದು ಸುತ್ತು ಹೊಡೆದು ಇಟ್ಟಿರುತ್ತಾರೆ. ಬಿಸಿ ಎಂಜಿನ್ ಯಾರು ಒದ್ದರೂ ಎದ್ದು ಕೂರುತ್ತದೆ. ಮುಂದಿನ ಸಲ ಬೆಳಿಗ್ಗೆ ಏಳು ಗಂಟೆಗೆ, ಹೇಳದೆ ಹೋಗಿ. ಮೊದಲು ಸಿಲಿಂಡರಿನ ಫಿನ್ನಿನ (ಹೊರಗಿನ ತೆಳು ಪಟ್ಟಿಗಳ) ಮೇಲೆ ಅಂಗೈ ಇಡಿ. ಆಮೇಲೆ ಮಾತು.

ಎಷ್ಟು ಹಳೆಯ ಗಾಡಿಗೆ ಕೈ ಹಾಕುತ್ತಿದ್ದೀರಿ ಅನ್ನುವುದೂ ತಲೆಯಲ್ಲಿರಲಿ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಂದರೆ ಅತಿ ಹೊಸ ಯೆಜ್ಡಿಗೂ ಹತ್ತಿರ ಹತ್ತಿರ ಮೂವತ್ತು ವರ್ಷ. 2022ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ಯೆಜ್ಡಿ ಬೇರೆಯೇ ಜಾತಿ. ಅದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್. ಅದರ ಒಂದು ನಟ್ಟೂ ನಿಮ್ಮ ಗಾಡಿಗೆ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಹಳೆಯ ಗಾಡಿಯ ಸಾಮಾನು ಮೈಸೂರಿನಲ್ಲಿ, ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಹೊಸದಾಗಿ ಮಾಡಿದ ನಕಲಿ ಮಾಲೂ ಅದರಲ್ಲೇ ಬೆರೆತಿರುತ್ತದೆ.

ಈಗ ಎಂಜಿನ್. ಒಂದೇ ಸಿಲಿಂಡರ್, ಸುಮಾರು 250 ಸಿಸಿ, ಟೂ ಸ್ಟ್ರೋಕ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಅದೇ ಇದರ ಠೀವಿ. ವಾಲ್ವ್ ಇಲ್ಲ, ಆಯಿಲ್ ಪಂಪ್ ಇಲ್ಲ. ಪಿಸ್ಟನ್ನಿನ ಕೆಳಗೆ, ಅದರ ಏರಿಳಿತಕ್ಕೆ ತಿರುಗುವ ದಂಡವೇ ಕ್ರ್ಯಾಂಕ್. ಅದು ಕೂತಿರುವ ಕ್ರ್ಯಾಂಕ್ ಕೇಸೇ ಪಂಪಿನ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಅದು ಪೆಟ್ರೋಲ್ ಗಾಳಿ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಸಿಲಿಂಡರಿಗೆ ದೂಡುತ್ತದೆ. ಹಾಗಾಗಿ ಆ ಕೇಸ್ ಗಾಳಿಯಾಡದ ಹಾಗೆ ಬಿಗಿಯಾಗಿರಬೇಕು. ಅದನ್ನು ಬಿಗಿಯಾಗಿ ಇಡುವುದು ಕ್ರ್ಯಾಂಕಿನ ಎರಡು ಕಡೆ ಇರುವ ಎರಡು ರಬ್ಬರ್ ಸೀಲ್. ಯೆಜ್ಡಿಯ ಆಯಸ್ಸು ಇರುವುದೇ ಅಲ್ಲಿ. ರಬ್ಬರಿಗೆ ವಯಸ್ಸಾಗುತ್ತದೆ, ಗಾಡಿ ಓಡಲಿ ಬಿಡಲಿ.

ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನು ಕುಡಿಯಲು ಶುರು ಮಾಡುತ್ತದೆ. ಬಿಸಿಯಾದ ಮೇಲೂ ಹಿಂದೆ ಬಿಳಿ ಹೊಗೆಯ ಮೋಡ. ಪ್ಲಗ್ ಪದೇ ಪದೇ ಕಪ್ಪಾಗಿ ಒದ್ದೆ. ಗೇರ್ ಆಯಿಲ್ ಎಲ್ಲೂ ಸೋರುವುದಿಲ್ಲ, ಆದರೂ ಕಡಿಮೆಯಾಗುತ್ತಾ ಹೋಗುತ್ತದೆ. ಇಷ್ಟಾದರೂ ಇದು ಪಾಪದ ಕಾಯಿಲೆ, ಎಲ್ಲರಿಗೂ ಕಾಣುತ್ತದೆ.

ಬಲಗಡೆ ಸೀಲ್ ಹೋಗುವುದೇ ಜಾಸ್ತಿ ಅಪಾಯ. ಅಲ್ಲಿ ಆಯಿಲ್ ಇಲ್ಲ, ಬರೀ ಗಾಳಿ. ಆ ಗಾಳಿ ಒಳಗೆ ನುಗ್ಗಿದರೆ ಪೆಟ್ರೋಲ್ ತೆಳ್ಳಗಾಗುತ್ತದೆ. ಪೆಟ್ರೋಲಿಗೆ ಬೆರೆಸಿದ ಆಯಿಲೂ ಕಡಿಮೆ ಆಯಿತು. ಹೊಗೆ ಇಲ್ಲ, ಗಾಡಿ ಹಗುರವಾಗಿ ಓಡುತ್ತದೆ, 'ಏನು ಪಿಕಪ್ ಮಾರಾಯ' ಅನಿಸುತ್ತದೆ. ಹಾಗೇ ಓಡುತ್ತಾ ಒಂದು ದಿನ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಗುರುತು ಹೇಳುತ್ತೇನೆ: ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಒಮ್ಮೆ ತಿರುಗಿಸಿ ಪೂರ್ತಿ ಬಿಡಿ. ಸದ್ದು ತಟ್ಟನೆ ಇಳಿದು ಡಬ್ ಡಬ್ ಅಂತ ನಿಲ್ಲಬೇಕು. ಅದರ ಬದಲು ಮೇಲೇ ಹಿಡಿದುಕೊಂಡು, ಸ್ವಲ್ಪ ಹೊತ್ತು ಕೂಗಿ, ಆಮೇಲೆ ನಿಧಾನಕ್ಕೆ ಇಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಾರ್ಬುರೇಟರ್ ಬುಡದ ಪ್ಯಾಕಿಂಗ್ ಇದ್ದರೂ ಇರಬಹುದು. ಮಾರುವವರು 'ಐಡ್ಲಿಂಗ್ ಸ್ವಲ್ಪ ಜಾಸ್ತಿ ಇಟ್ಟಿದ್ದೇನೆ ಅಷ್ಟೇ' ಅನ್ನುತ್ತಾರೆ. ಸ್ಕ್ರೂ ಇಳಿಸಿ ತೋರಿಸಿ ಅನ್ನಿ.

ಕೋಡಿಬಾಗದವರಿಗೆ ಇನ್ನೊಂದು ಪ್ರಶ್ನೆ ಸುಮ್ನೆ ಕೇಳಿ: ಲೀಟರಿಗೆ ಎಷ್ಟು ಆಯಿಲ್ ಹಾಕುತ್ತೀರಿ? ಈ ಗಾಡಿಗೆ 2ಟಿ, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲನ್ನು ಪೆಟ್ರೋಲಿಗೆ ನಾವೇ ಬೆರೆಸಬೇಕು. ಲೀಟರಿಗೆ 40 ಎಂ.ಎಲ್. ಹಳೆಯ ರೂಢಿ. ಈಗಿನ ಒಳ್ಳೆಯ ಆಯಿಲ್ ಆದರೆ 30ರ ಮೇಲೆ ಇದ್ದರೂ ನಡೆಯುತ್ತದೆ. ಓಡಿಸುವವನ ಬಾಯಿಯಿಂದ ಈ ಲೆಕ್ಕ ತಟ್ಟನೆ ಬರುತ್ತದೆ. 'ಮೆಕ್ಯಾನಿಕ್ ಹಾಕುತ್ತಾನೆ' ಅಂದರೆ ಅವರು ಓಡಿಸಲು ತಂದವರಲ್ಲ, ಮಾರಲು ತಂದವರು. ಹೊಗೆ ಕಾಣಬಾರದು ಅಂತ ಆಯಿಲ್ ಕಮ್ಮಿ ಮಾಡಿ ತೋರಿಸುವವರೂ ಇದ್ದಾರೆ.

ಶಿರಸಿಯ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಹಾಗಾಗಿ ಸದ್ದು ಕೇಳಿ ನಿರ್ಧರಿಸುವ ದಾರಿ ಇಲ್ಲ. ಅದೇ ಒಳ್ಳೆಯದು. ಬಿಚ್ಚಿ ನೋಡಲು ನೆಪ ಸಿಗುತ್ತದೆ. ಮಗ ಹುಮ್ಮಸ್ಸಿನಲ್ಲಿ ಕಿಕ್ ಹೊಡೆಯಲು ಬಂದರೆ ತಡೆಯಿರಿ. ನಾಲ್ಕು ವರ್ಷ ನಿಂತ ಟ್ಯಾಂಕಿನಲ್ಲಿ ಪೆಟ್ರೋಲ್ ಹಾರಿ ಹೋಗಿ, ಆಯಿಲ್ ಬೆಲ್ಲದ ಪಾಕದ ಹಾಗೆ ತಳ ಹಿಡಿದಿರುತ್ತದೆ. ಪಿಸ್ಟನ್ನಿನ ಸುತ್ತ ಇರುವ ರಿಂಗ್ ಅಂಟಿರುತ್ತದೆ. ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು 2ಟಿ ಆಯಿಲ್ ಬೆರೆಸಿ ಅರ್ಧ ಲೋಟ ಹೊಯ್ದು, ಎರಡು ದಿನ ಬಿಟ್ಟು ಬರುತ್ತೇನೆ ಅನ್ನಿ. ಎರಡು ದಿನ ಬಿಟ್ಟು ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ. ಬಿಟ್ಟುಕೊಂಡರೆ ಮುಂದಿನ ಪರೀಕ್ಷೆ. ಬಿಡದಿದ್ದರೂ ಗಾಬರಿ ಬೇಡ, ರೇಟ್ ಇಳಿಯುತ್ತದೆ.

ಮುಂದಿನ ಪರೀಕ್ಷೆಗೆ ಬೇಕಾದ್ದು ಒಂದು ಟಾರ್ಚು, ಎಕ್ಸಾಸ್ಟ್ ನಟ್ ಬಿಚ್ಚುವ ಕೊಕ್ಕೆ ಸ್ಪ್ಯಾನರ್, ಮತ್ತು ಹೊಸ ಹಿಡಿಸೂಡಿಯಿಂದ ಎಳೆದ ದಪ್ಪನೆಯ ಒಂದು ಕಡ್ಡಿ. ನಗಬೇಡಿ. ತೆಂಗಿನ ಕಡ್ಡಿ ಪಿಸ್ಟನ್ನಿಗೆ ಗೀರು ಹಾಕುವುದಿಲ್ಲ, ಸ್ಕ್ರೂಡ್ರೈವರ್ ಹಾಕುತ್ತದೆ. ಪ್ಲಗ್ಗಿನ ತೂತಿನಿಂದ ಕಡ್ಡಿ ಇಳಿಸಿ ಪಿಸ್ಟನ್ನಿನ ತಲೆ ಮೇಲೆ ನಿಲ್ಲಿಸಿ. ಬಲಗಡೆ ಕವರ್ ತೆಗೆದರೆ ಕ್ರ್ಯಾಂಕಿನ ತುದಿಯಲ್ಲಿ ಕರೆಂಟ್ ಹುಟ್ಟಿಸುವ ಡೈನಮೊ ಇರುತ್ತದೆ. ಅದರ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಪಿಸ್ಟನ್ನನ್ನು ಮೇಲಕ್ಕೆ ತರುತ್ತಾ, ಅರ್ಧ ದಾರಿಯಲ್ಲಿ ನಿಲ್ಲಿಸಿ. ಈಗ ಸ್ಪ್ಯಾನರನ್ನು ಆಚೆ ಈಚೆ ಒಂದೊಂದು ಕೂದಲೆಳೆಯಷ್ಟು ತಿರುಗಿಸಿ, ಕಣ್ಣು ಕಡ್ಡಿಯ ಮೇಲಿರಲಿ. ಸ್ಪ್ಯಾನರ್ ಅಲುಗಿದ ಕೂಡಲೇ ಕಡ್ಡಿಯೂ ಅಲುಗಿದರೆ ಒಳ್ಳೆಯದು. ಸ್ಪ್ಯಾನರ್ ತಿರುಗುತ್ತಿದೆ, ಒಳಗೆ 'ಟಕ್' ಅಂತ ಕೈಗೆ ತಾಗುತ್ತಿದೆ, ಕಡ್ಡಿ ಮಾತ್ರ ತಡವಾಗಿ ಅಲುಗುತ್ತಿದೆ ಅಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಸವೆದಿದೆ. ಹಾಗೇ ಡೈನಮೊ ಹಿಡಿದು ಮೇಲಕ್ಕೆ ಕೆಳಕ್ಕೆ ಎತ್ತಿ ನೋಡಿ. ಅಲ್ಲಿ ಆಟ ಇದ್ದರೆ ಬೇರಿಂಗ್ ಹೋಗಿದೆ, ಅದರ ಜೊತೆಗೆ ಆ ಕಡೆಯ ಸೀಲೂ ಹೋಗಿದೆ. ರಾಡ್, ಬೇರಿಂಗ್ ಎರಡಕ್ಕೂ ಎಂಜಿನನ್ನು ಪೂರ್ತಿ ಬಿಚ್ಚಲೇಬೇಕು. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಕೂಡಿಸಿ, ಅಡ್ಡಾದಿಡ್ಡಿ ತಿರುಗದ ಹಾಗೆ ನೇರ ಮಾಡುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ.

ಆಮೇಲೆ ಒಂದು ಸೈಲೆನ್ಸರ್ ಪೈಪಿನ ನಟ್ ಬಿಚ್ಚಿ. ಆ ನಟ್ಟಿನ ಮರೆ (ಥ್ರೆಡ್) ಸವೆದಿದೆಯಾ ನೋಡಿಕೊಳ್ಳಿ, ಇದು ಯೆಜ್ಡಿಯ ಹಳೆಯ ರೋಗ. ಪೈಪ್ ಸರಿಸಿ ಪೋರ್ಟಿಗೆ, ಅಂದರೆ ಹೊಗೆ ಹೊರಬರುವ ತೂತಿಗೆ ಟಾರ್ಚ್ ಬಿಡಿ. ಪಿಸ್ಟನ್ನನ್ನು ನಿಧಾನಕ್ಕೆ ಮೇಲೆ ತರುತ್ತಾ ಹೋದರೆ ಅದರ ಹೊಟ್ಟೆ ಕಣ್ಣೆದುರು ಹಾದು ಹೋಗುತ್ತದೆ. ಬಹಳ ಬಿಸಿಯಾಗುವ ಕಡೆ ಇದು, ಕಚ್ಚಿದ್ದರೆ ಗುರುತು ಇಲ್ಲೇ ಇರುತ್ತದೆ. ನಯವಾದ ಬೂದು ಬಣ್ಣ ಇದ್ದರೆ ಸರಿ. ಉದ್ದುದ್ದ ಗೀರು, ಅಲ್ಯೂಮಿನಿಯಂ ಎಳೆದು ಹಚ್ಚಿದ ಹಾಗೆ ಬೆಳ್ಳಗೆ ಇದ್ದರೆ ಒಮ್ಮೆ ಸೀಜ್ ಆಗಿದೆ, ಅಂದರೆ ಕಚ್ಚಿಕೊಂಡಿದೆ. ರಿಂಗ್ ಎದುರಿಗೆ ಬಂದಾಗ ಅದೇ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋಗಿ ಮತ್ತೆ ಚಿಮ್ಮಬೇಕು. ಕಲ್ಲಿನ ಹಾಗೆ ಕೂತಿದ್ದರೆ ಕಾರ್ಬನ್ ಹಿಡಿದಿದೆ. ಇದಕ್ಕೆಲ್ಲ ಇಪ್ಪತ್ತು ನಿಮಿಷ ಸಾಕು. ನಾನು ನೋಡಿದ ಮಟ್ಟಿಗೆ ನೂರರಲ್ಲಿ ತೊಂಬತ್ತು ಗಿರಾಕಿಗಳು ಈ ಇಪ್ಪತ್ತು ನಿಮಿಷವನ್ನು ಟ್ಯಾಂಕಿನ ಮೇಲಿನ ಬಣ್ಣದ ಗೆರೆ ನೋಡುತ್ತಾ ಕಳೆಯುತ್ತಾರೆ.

ಬೋರ್, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡುವುದು, ಹಿಂದೆ ಎಷ್ಟು ಸಲ ಆಗಿದೆ ಅಂತಲೂ ಕೇಳಿ. ಕಂಪನಿಯ ಅಳತೆ 65 ಮಿ.ಮೀ. ಪ್ರತಿ ಬೋರಿಗೆ ಕಾಲು ಕಾಲು ಮಿ.ಮೀ. ದಪ್ಪನೆಯ ಪಿಸ್ಟನ್ ಬರುತ್ತದೆ. ಒಂದು ಮಿ.ಮೀ. ದಾಟಿದ್ದರೆ ಮುಂದಿನ ಸಲ ಸಿಲಿಂಡರಿನ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕಿಸುವುದೇ ದಾರಿ.

ಗೇರ್ ಆಯಿಲನ್ನು ತಳದ ಬೋಲ್ಟ್ ಬಿಚ್ಚಿ ಒಂದು ಬಿಳಿ ಬಟ್ಟಲಿಗೆ ಸ್ವಲ್ಪ ಇಳಿಸಿ. ಕಪ್ಪಾಗಿದ್ದರೆ ಪರವಾಗಿಲ್ಲ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಶಿರಸಿ ಮಳೆ, ಅದೂ ನಾಲ್ಕು ಮಳೆಗಾಲ, ನೀರು ಸೇರಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ನೀರಿನಲ್ಲೇ ಬೇರಿಂಗುಗಳು ನಾಲ್ಕು ವರ್ಷ ಮುಳುಗಿದ್ದವು ಅನ್ನುವುದು ರೇಟ್ ಮಾತಾಡುವಾಗ ನೆನಪಿರಲಿ.

ಕಿಕ್ಕರೂ ಗೇರ್ ಲಿವರೂ ಒಂದೇ ಆಗಿರುವುದು ನಿಮಗೆ ಗೊತ್ತಿರಬಹುದು. ಒಳಕ್ಕೆ ಒತ್ತಿ, ತಿರುಗಿಸಿ, ಎಬ್ಬಿಸಿ ಒದೆಯಬೇಕು. ಅದರ ಹಲ್ಲು ಸವೆದು ಜಾರಿದರೆ ಮೊಣಕಾಲಿಗೆ ಪೆಟ್ಟು. ಎರಡು ಮೂರು ಸಲ ಕೈಯಲ್ಲೇ ಒತ್ತಿ ನೋಡಿದರೆ ತಿಳಿಯುತ್ತದೆ. ವೈರಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಪೂರ್ತಿ ಹೊಸದು ಹಾಕಿಸುವುದೇ ಒಳ್ಳೆಯದು. ಹಳೆಯ 6 ವೋಲ್ಟಿನ ಲೈಟ್ ಇದ್ದರೆ ರಾತ್ರಿ ಹೈವೇಗೆ ಹೋಗಬೇಡಿ. ಅದು ಮಿಣುಕುಹುಳ.

ಕಾರವಾರದ ಗಾಡಿಗೆ ನಾನು ಯಾಕೆ ಹಿಂಜರಿಯುತ್ತೇನೆ ಅಂದರೆ, ಉಪ್ಪು. ಶಿರಸಿಯಲ್ಲೂ ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಆದರೆ ಅದು ಮೇಲಿನ ತುಕ್ಕು, ಕೆಂಪಗೆ ಕಾಣುತ್ತದೆ, ಉಜ್ಜಿದರೆ ಹೋಗುತ್ತದೆ. ಕಡಲ ದಂಡೆಯ ತುಕ್ಕು ಒಳಗಿನಿಂದ ತಿನ್ನುತ್ತದೆ. ಕೋಡಿಬಾಗದಲ್ಲಿ ಮನೆಯ ಕಿಟಕಿ ಸರಳು ಏನಾಗುತ್ತದೆ ಅಂತ ನೀವೇ ನೋಡಿದ್ದೀರಿ, ಅಲ್ವಾ? ಅದರ ಮೇಲೆ ಪುಟ್ಟಿ ತುಂಬಿ ಪೇಂಟ್ ಹೊಡೆದರೆ ಎರಡು ಮಳೆಗಾಲ ಯಾರಿಗೂ ತಿಳಿಯುವುದಿಲ್ಲ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಮಡ್‌ಗಾರ್ಡಿನ ಅಂಚು, ಟ್ಯಾಂಕಿನ ಕೆಳಗಿನ ಮಡಿಕೆ, ಚೈನ್ ಕವರಿನ ತಳ, ಸೀಟಿನ ಕೆಳಗೆ ಫ್ರೇಮ್ ಕೂಡುವ ಜಾಗ, ಇಲ್ಲೆಲ್ಲ ಹಿಡಿದು ನೋಡಿ. ಬೇರೆ ಕಡೆ ಗಟ್ಟಿ ಹಿಡಿದ ಅಯಸ್ಕಾಂತ ಅಲ್ಲಿ ಜಾರಿದರೆ ಒಳಗೆ ತಗಡಿಲ್ಲ, ಪುಟ್ಟಿ ಇದೆ. ಸ್ಪೋಕುಗಳನ್ನು ಸಣ್ಣ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. 'ಟಿಂಗ್' ಅನ್ನಬೇಕು. 'ಟಪ್' ಅಂದದ್ದು ಸಡಿಲ, ಇಲ್ಲವೇ ತುಕ್ಕು ತಿಂದದ್ದು. ಹೊಸ ಕ್ರೋಮ್ ರಿಮ್ಮಿಗೆ ಹಳೆಯ ಸ್ಪೋಕ್ ಹಾಕಿರುವುದನ್ನೂ ನೋಡಿದ್ದೇನೆ.

ಇಷ್ಟೆಲ್ಲ ನೋಡಿ ಕೋಡಿಬಾಗದ ಗಾಡಿ ಪಾಸಾದರೂ ಆಗಬಹುದು. ಪ್ರಾಮಾಣಿಕವಾಗಿ ಮಾಡಿಸಿದ ಗಾಡಿಗಳೂ ಇವೆ. ಹಾಗೆ ಮಾಡಿಸಿದವರ ಹತ್ತಿರ ಬೋರಿನ ಬಿಲ್ಲು, ಕ್ರ್ಯಾಂಕಿನ ಬಿಲ್ಲು, ಎಂಜಿನ್ ಬಿಚ್ಚಿದಾಗಿನ ಫೋಟೊ ಇರುತ್ತದೆ. ಪೇಂಟಿನ ಬಿಲ್ಲು ಮಾತ್ರ ಇದ್ದರೆ ಪೇಂಟ್ ಮಾತ್ರ ಆಗಿದೆ.

ಕಾಗದಕ್ಕೆ ಬರೋಣ. ನಿಜವಾದ ತಲೆನೋವು ಇಲ್ಲಿದೆ.

ಶಿರಸಿಯ ಗಾಡಿ ತೀರಿಹೋದ ತಂದೆಯ ಹೆಸರಲ್ಲಿದೆ. ಮಗ ನಿಮಗೆ ನೇರವಾಗಿ ಮಾರುವ ಹಾಗಿಲ್ಲ. ಮಾಮೂಲಿ ಮಾರಾಟಕ್ಕೆ ಫಾರಂ 29 ಮತ್ತು 30, ಅದಕ್ಕೆ ಆರ್‌ಸಿಯಲ್ಲಿ ಹೆಸರಿರುವವರ ಸಹಿ ಬೇಕು. ತಂದೆ ಬದುಕಿದ್ದಾಗ ಹಾಕಿಟ್ಟ ಖಾಲಿ ಸಹಿ ಇದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸರಿಯಾದ ದಾರಿ ಫಾರಂ 31. ಮರಣ ಪ್ರಮಾಣಪತ್ರ, ವಾರಸುದಾರರ ಕಾಗದ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟು ಗಾಡಿ ಮೊದಲು ಮಗನ ಹೆಸರಿಗೆ ಬರಲಿ. ಅಲ್ಲಿಂದ ನಿಮ್ಮ ಹೆಸರಿಗೆ. ಅಕ್ಕ ತಂಗಿಯರ ಸಹಿ ಮರೆಯಬೇಡಿ. ಬೈಕು ಕೊಟ್ಟಿಗೆಯಲ್ಲಿ ಇರುವ ತನಕ ಯಾರಿಗೂ ಬೇಡ, ಮಾರಿದ ಮರುದಿನ ಎಲ್ಲರಿಗೂ ಅಪ್ಪನ ನೆನಪು.

1991ರ ಗಾಡಿಯ ಆರ್‌ಸಿ ಮೊದಲ 15 ವರ್ಷಕ್ಕೆ ಮುಗಿದಿರುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಕೊನೆಯ ಸಲ ಯಾವಾಗ ಆಗಿದೆ ನೋಡಿ. 20 ವರ್ಷ ದಾಟಿದ ಬೈಕಿನ ನವೀಕರಣಕ್ಕೆ 2025ರ ಆಗಸ್ಟಿನಿಂದ ಶುಲ್ಕವೇ 2000 ರೂಪಾಯಿ. ಅದರ ಮೇಲೆ ತಡವಾದದ್ದಕ್ಕೆ ದಂಡ, ಹಸಿರು ತೆರಿಗೆ, ಇನ್ಶೂರೆನ್ಸ್, ಹೊಸ ನಮೂನೆಯ ನಂಬರ್ ಪ್ಲೇಟ್. ಇದೆಲ್ಲ ಯಾರು ಕಟ್ಟುವುದು ಅಂತ ಮೊದಲೇ ಮಾತಾಡಿ. ಹಳೆಯ ಆರ್‌ಸಿ ಪುಸ್ತಕದ ದಾಖಲೆ ಕಂಪ್ಯೂಟರಿಗೆ ಏರಿದೆಯಾ ಅಂತ ಆರ್‌ಟಿಒದಲ್ಲಿ ನಂಬರ್ ಕೊಟ್ಟು ಕೇಳಿ.

ಚಾಸಿ ನಂಬರನ್ನು ನಿಮ್ಮ ಕೈಯಾರೆ ತೆಗೆಯಿರಿ. ಹ್ಯಾಂಡಲ್ ಬುಡದ ಧೂಳು ಒರೆಸಿ, ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಕ್ಷರ ಒಂದೊಂದಾಗಿ ಮೂಡುತ್ತವೆ. ಎಲ್ಲ ಒಂದೇ ಆಳ, ಒಂದೇ ಸಾಲಿನಲ್ಲಿ ಇರಬೇಕು. ಸುತ್ತಲೂ ಗ್ರೈಂಡರ್ ಆಡಿದ ಗುರುತಿದ್ದರೆ ಬೇಡ. ಎಂಜಿನ್ ನಂಬರಿಗೂ ಇದೇ ಕ್ರಮ. ಆರ್‌ಸಿಯ ಜೊತೆ ಒಂದೊಂದೇ ಅಂಕಿ ಬೆರಳಿಟ್ಟು ಹೋಲಿಸಿ. ಯೆಜ್ಡಿಗಳಲ್ಲಿ ಎಂಜಿನ್ ಬದಲಾಗಿರುವುದು ಮಾಮೂಲು. ಆರ್‌ಸಿಯಲ್ಲಿ ಅದು ಏರಿರಬೇಕು, ಅಷ್ಟೇ.

ಗೋವಾ ನಂಬರಿನ ಗಾಡಿಗೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಅಂದರೆ ಫಾರಂ 28 ಬೇಕು. ಇಲ್ಲಿ ತೆರಿಗೆ ಕಟ್ಟಿ ಕೆಎ ನಂಬರ್ ಪಡೆಯಬೇಕು. 'ಮಾಜಾಳಿ ದಾಟಿದರೆ ಗೋವಾ, ಯಾರು ಕೇಳುತ್ತಾರೆ, ಹಾಗೇ ಓಡಿಸಿ' ಅನ್ನುತ್ತಾರೆ. ಅಪಘಾತ ಆದ ದಿನ ಇನ್ಶೂರೆನ್ಸಿನವರು ಕೇಳುತ್ತಾರೆ.

ಹೊಗೆ ಪರೀಕ್ಷೆಯ ಬಗ್ಗೆ ಬಹಳ ಜನ ಹೆದರುತ್ತಾರೆ. 2000ದ ಮಾರ್ಚ್ ವರೆಗೆ ತಯಾರಾದ ದ್ವಿಚಕ್ರಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ 4.5 ಶೇಕಡಾ. ಸೀಲ್ ಸರಿ ಇದ್ದು, ಕಾರ್ಬುರೇಟರ್ ಸರಿ ಕೂತಿದ್ದರೆ ಯೆಜ್ಡಿ ಪಾಸಾಗುತ್ತದೆ.

ರೇಟು. ನಾನು ಶಿರಸಿಯ ಗಾಡಿಗೆ ಹೀಗೆ ಲೆಕ್ಕ ಹಾಕುತ್ತೇನೆ: ಎಂಜಿನ್ ಪೂರ್ತಿ ಬಿಚ್ಚಲೇಬೇಕು ಅಂತ ಇಟ್ಟುಕೊಳ್ಳಿ. ಕ್ರ್ಯಾಂಕ್, ಬೋರ್, ಪಿಸ್ಟನ್, ಸೀಲ್, ಬೇರಿಂಗ್, ಕ್ಲಚ್ ಪ್ಲೇಟ್, ಎರಡು ಟೈರ್, ವೈರಿಂಗ್, ಕೂಲಿ ಎಲ್ಲ ಸೇರಿ ಮೂವತ್ತು ಸಾವಿರ ತೆಗೆದಿಡಿ. ಹಾಗಾಗಿ ಗಾಡಿಗೆ ಇಪ್ಪತ್ತೈದರಿಂದ ಮೂವತ್ತರ ಒಳಗೆ ಮುಗಿಯಬೇಕು. ಕಡ್ಡಿಯ ಪರೀಕ್ಷೆಯಲ್ಲಿ ರಾಡ್ ಪಾಸಾದರೆ ಐದು ಜಾಸ್ತಿ ಕೊಡಿ, ಬೇಜಾರಿಲ್ಲ. ಆಗಲೂ ಕೋಡಿಬಾಗದ 95ಕ್ಕಿಂತ ಬಹಳ ಕೆಳಗೇ ಇರುತ್ತೀರಿ, ಒಳಗೆ ಏನಿದೆ ಅಂತಲೂ ಗೊತ್ತಿರುತ್ತದೆ. ಅಡಿಕೆ ಬೆಳೆಗಾರರ ಜೊತೆ ಚೌಕಾಸಿ ಮಾಡುವಾಗ ಒಂದು ಮಾತು. ಗಾಡಿಯನ್ನು ಹೀಗಳೆಯಬೇಡಿ. ಅದು ಅಪ್ಪನ ಗಾಡಿ. ಗೇರ್ ಆಯಿಲಿನ ಬಟ್ಟಲನ್ನು ಜಗಲಿಯ ಮೇಲೆ ಇಟ್ಟು ಸುಮ್ಮನೆ ಕೂರಿ.

ಒಂದು ಎಚ್ಚರಿಕೆ: ಅಂಕೋಲೆಯಿಂದ ಕಾರವಾರಕ್ಕೆ ದಿನಾ ಇದರಲ್ಲೇ ಹೋಗಿ ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎರಡೂ ಕಡೆ ಡ್ರಮ್ ಬ್ರೇಕ್, ಚತುಷ್ಪಥದಲ್ಲಿ ಹಿಂದಿನಿಂದ ಲಾರಿ. ವಾರಕ್ಕೆ ಒಂದೆರಡು ದಿನ ಸಾಕು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನಮ್ಮ ಕರಾವಳಿಯ ಹವೆಯಲ್ಲಿ ನೀರು ಹೀರುತ್ತದೆ, ಹಳೆಯ ರಬ್ಬರನ್ನೂ ಹಾಳು ಮಾಡುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಕಾರ್ಬುರೇಟರ್ ಖಾಲಿ ಮಾಡಿ ಇಡಿ.

ಇನ್ನು ಗಾಡಿ ತರುವ ವಿಷಯ. ಮೊದಲ ಸಲ ಟೆಂಪೊದಲ್ಲಿ ತನ್ನಿ. ಎಂಜಿನ್ ಕೆಲಸ ಶಿರಸಿಯಲ್ಲೇ ಮಾಡಿಸಿ ಓಡಿಸಿಕೊಂಡು ಬರುತ್ತೇನೆ ಅಂದರೆ ದೇವಿಮನೆ ಘಾಟಿ ಇಳಿಯುವಾಗ ಒಂದು ಸಂಗತಿ ಗೊತ್ತಿರಬೇಕು. ನಾನು ಅದನ್ನು ಪೆಟ್ಟು ತಿಂದು ಕಲಿತವನು. ಹೊಸ ಬೋರ್ ಆಗಿದ್ದ ಗಾಡಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಸೆಕೆಂಡ್ ಗೇರಿನಲ್ಲಿ ಎಂಜಿನ್ ಬ್ರೇಕ್ ಹಿಡಿಸಿಕೊಂಡು ಜಾಣನ ಹಾಗೆ ಇಳಿಯುತ್ತಿದ್ದೆ. ಅರ್ಧ ಘಾಟಿಯಲ್ಲಿ ಹಿಂದಿನ ಚಕ್ರ ಕಿರ್ ಅಂತ ನಿಂತುಬಿಟ್ಟಿತು. ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದಿಲ್ಲ, ಪೆಟ್ರೋಲ್ ಹೋಗದಿದ್ದರೆ ಆಯಿಲೂ ಇಲ್ಲ. ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಲೇ ಇತ್ತು, ಒಣ ಗಂಟಲಲ್ಲಿ. ಕ್ಲಚ್ ಹಿಡಿದದ್ದಕ್ಕೆ ಬಿದ್ದಿಲ್ಲ. ನೀವು ಇಳಿಯುವಾಗ ಪ್ರತಿ ತಿರುವಿಗೆ ಒಮ್ಮೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ, ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ. ಅರ್ಧ ಘಾಟಿಯಲ್ಲಿ ಜಾಗ ನೋಡಿ ನಿಲ್ಲಿಸಿ, ಬ್ರೇಕ್ ಡ್ರಮ್ಮಿನ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ. ಬಿಸಿ ಅಲ್ಲಿಂದಲೇ ತಿಳಿಯುತ್ತದೆ. ಆರುವ ತನಕ ಕೂತಿರಿ.